ಒಂದು ಉದ್ದ, ಒಂದು ಗಿಡ್ಡ

ಬೇಡ ಬೇಡ, ಉಪ್ಪು ಬೇಡ ಅಕ್ಕಾ! ಅಂಗೈಗೆ ಉಪ್ಪು ಹಾಕೋದು ಗಿರಾಕಿಗಳಿಗೆ. ನಾನು ಗಿರಾಕಿ ಅಲ್ಲ. ನನಗೆ ಯಾವ ದೆವ್ವಾನೂ ಹಿಡಿದಿಲ್ಲ, ಯಾರೂ ಮಾಟಾನೂ ಮಾಡಿಸಿಲ್ಲ. ನಾನು ಬಂದಿರೋದು ಸಂಶೋಧನೆಗೆ. ಆಗೆಲ್ಲ ಬರ್ತಿದ್ದೆನಲ್ಲ, ಹೆಗಲಿಗೆ ಚೀಲ ಹಾಕ್ಕೊಂಡು, ಹಾಗೇನೇ... ಯಾಕೆ ನಗ್ತೀರಿ?

ಓಹೋ, ಈ ಕುರ್ಚೀಲಿ ಕೂತೆ ಅಂತಲಾ? ಅದು ಮಂಡಿನೋವು ಅಕ್ಕಾ, ಬೇರೇನಿಲ್ಲ. ಇದು ಗಿರಾಕಿಗಳ ಕುರ್ಚಿ ಅಂತ ಗೊತ್ತಿಲ್ವಾ ನನಗೆ? ಆಗ ನಾನು ಕೂರ್ತಿದ್ದದ್ದು ಆ ಮೂಲೇಲಿ, ಸ್ಟೂಲ್ ಮೇಲೆ. ಎಲ್ಲಿ ಅದು?... ಮುರೀತಾ? ಹೋಗಲಿ ಬಿಡಿ, ಕೂರ್ತಿದ್ದೋಳೂ ಅರ್ಧ ಮುರಿದೇ ಇದಾಳೆ.

ಹಾಗೆ ಕಣ್ಣು ಕಿರಿದು ಮಾಡ್ಕೊಂಡು ನೋಡಬೇಡಿ. ಗುರುತು ಸಿಕ್ತು ತಾನೆ? ವಿಶ್ವವಿದ್ಯಾಲಯದಿಂದ ಬರ್ತಿದ್ದ ಹುಡುಗಿ! ಮಾನವಶಾಸ್ತ್ರ! ಜನ ದೆವ್ವ ಭೂತ ಹೇಗೆ ನಂಬ್ತಾರೆ ಅಂತ ನಿಮ್ಮ ಹತ್ರ ಕೂತು ಕೇಳ್ತಿದ್ದೋಳು! ನೀವೇ ಹೆಸರಿಟ್ಟಿರಲ್ಲ, 'ಆಮೇಲಮ್ಮ' ಅಂತ. ನೀವು ಏನು ಹೇಳಿದ್ರೂ ನಾನು 'ಹೂಂ, ಆಮೇಲೆ?' ಅಂತಿದ್ದೆ. ಹಾಂ! ಈಗ ಬಂತು ನೋಡಿ ನಗು. ಹಲ್ಲೆಲ್ಲ ಹೋಗಿದ್ರೂ ನಗು ಮಾತ್ರ ಹಾಗೇ ಇದೆ ನಿಮ್ಮದು.

ಸುಲೀರಿ, ಸುಲೀರಿ, ಬಟಾಣಿ ಸುಲೀತಾನೇ ಕೇಳಿ. ಆಗಲೂ ಹಾಗೇ ಅಲ್ವಾ? ಒಬ್ಬಳ ಮೈಮೇಲಿಂದ ಅವಳ ಸತ್ತ ನಾದಿನೀನ ಇಳಿಸ್ತಾ ಇದ್ರಿ, ತೊಡೆ ಮೇಲೆ ಬಟಾಣಿ ಬುಟ್ಟಿ. ನಾನು ಅದನ್ನೂ ಪುಸ್ತಕದಲ್ಲಿ ಬರೆದೆ. 'ಬಟಾಣಿಯ ಸಾಂಕೇತಿಕ ಅರ್ಥ' ಅಂತ ಒಂದು ಇಡೀ ಅಧ್ಯಾಯ. ಆಮೇಲೆ ನೀವು ಹೇಳಿದ್ರಿ, ಸಂಜೆ ಪಲ್ಯಕ್ಕೆ ಅಂತ. ಅಷ್ಟೊತ್ತಿಗೆ ಅಚ್ಚಾಗಿಹೋಗಿತ್ತು!

ಕೆಳಗಿನ ಸೈಕಲ್ ಅಂಗಡಿ ಇನ್ನೂ ಇದೆಯಲ್ಲ, ಸಂತೋಷ ಆಯ್ತು. ಮೆಟ್ಟಿಲು ಮಾತ್ರ ಎತ್ತರ ಆಗಿದೆ. ಮೆಟ್ಟಿಲ ಮೇಲೆ ನಿಮ್ಮ ಗಿರಾಕಿಗಳು ಕೂತಿದಾರೆ, ನೋಡಿದೆ. ಬೋಡುತಲೆಯವನೊಬ್ಬ, ಕೈಯಲ್ಲಿ ಒಂದೇ ಒಂದು ಚಪ್ಪಲಿ ಹಿಡ್ಕೊಂಡು. ಪಕ್ಕದಲ್ಲಿ ಒಬ್ಬಳು ಹೆಂಗಸು, ಗಿಳಿ ಪಂಜರ. ಏನಮ್ಮ ಅಂದೆ. ತೀರಿಹೋದ ಅತ್ತೆ ದನೀಲಿ ಗಿಳಿ ಬಯ್ಯುತ್ತಂತೆ! ನಾನಿರೋವಾಗಲೇ ಅದು ಬಾಯಿ ತೆಗೀತು. 'ಗ್ಯಾಸ್ ಆಫ್ ಮಾಡ್ದೇನೇ, ದಂಡಪಿಂಡ' ಅಂತು. ಆ ಹೆಂಗಸು ಪಾಪ, ಎದ್ದು ನಿಂತ್ಕೊಂಡೇ ಬಿಟ್ಟಳು!

ಇಲ್ಲ ಇಲ್ಲ, ನಾನು ನಗಲಿಲ್ಲ. ನಮ್ಮ ಕೆಲಸದಲ್ಲಿ ನಗಬಾರದು ಅಕ್ಕಾ. ನಮ್ಮ ಗುರುಗಳು ಮೊದಲ ದಿನವೇ ಹೇಳಿದ್ದು ಅದು. ದೆವ್ವ ಇದೆಯಾ ಅಂತ ಯಾರನ್ನೂ ಕೇಳಬೇಡ ಅಂತಿದ್ರು. ಹಾಗೆ ಕೇಳಿದ್ರೆ ಓದಿದವರು ಇಲ್ಲ ಅಂತ ಸುಳ್ಳು ಹೇಳ್ತಾರೆ, ಓದದವರು ನಿನ್ನ ಮುಖ ನೋಡಿ ನಿನಗೆ ಬೇಕಾದ್ದು ಹೇಳ್ತಾರೆ. ಅದು ಬಂದಾಗ ನೀವೇನು ಮಾಡ್ತೀರಿ ಅಂತ ಕೇಳು. ಎದ್ದು ಹೋಗ್ತೀರಾ? ಬಾಗಿಲು ತೆಗೀತೀರಾ? ಮಾತಾಡಿಸ್ತೀರಾ, ಬಯ್ತೀರಾ? ಮಾಡೋದನ್ನ ನೋಡು, ನಂಬೋದು ತಾನಾಗೇ ಕಾಣುತ್ತೆ ಅಂತ.

ಇನ್ನೊಂದು. ವಾದ ಮಾಡಬಾರದು. ಯಾರು ಏನೇ ಹೇಳಲಿ, ನಿನ್ನ ಅಜ್ಜಿ ಈಗ ಹಲ್ಲಿ ಆಗಿದಾಳೆ ಅಂದ್ರೂ 'ಹೂಂ, ಆಮೇಲೆ?' ಅಷ್ಟೇ. 'ಛೆ, ಹಾಗೆಲ್ಲ ಏನಿಲ್ಲ' ಅಂತ ಒಂದು ಮಾತು ಬಾಯಿಂದ ಬಿತ್ತೋ, ಮುಗೀತು ಕಥೆ. ನಾನು ಜೀವಮಾನದಲ್ಲಿ ಒಂದು ಸಲವೂ... ಹೂಂ. ಒಂದು ಸಲವೂ ವಾದ ಮಾಡಿದೋಳಲ್ಲ. ಕ್ಷೇತ್ರಕಾರ್ಯದಲ್ಲಿ.

ಮತ್ತೆ, ಜನ ನಿಜವಾದ ವಿಷಯ ಯಾವಾಗ ಹೇಳ್ತಾರೆ ಗೊತ್ತಾ? ಎಲ್ಲ ಹರಟೆ ಮುಗಿದು, ಟೀ ಕುಡಿದು, ಇನ್ನೇನು ನಾನು ಪೆನ್ ಮುಚ್ಚಬೇಕು ಅನ್ನೋವಾಗ, ಹತ್ರ ಬಂದು, ದನಿ ಇಳಿಸಿ, 'ಇದನ್ನ ಬರ್ಕೋಬೇಡಿ' ಅಂತಾರೆ. ಆ ಮಾತು ಬಂತು ಅಂದ್ರೆ ನಾನು ಒಳಗೊಳಗೇ ಕುಣೀತಿದ್ದೆ. ಅಲ್ಲೀವರೆಗೆ ಹೇಳಿದ್ದೆಲ್ಲ ಸಿಪ್ಪೆ. ಕಾಳು ಈಗ ಬರುತ್ತೆ! ಆಮೇಲೆ ಮನೆಗೆ ಹೋಗಿ ಬರ್ಕೋತಿದ್ದೆ ಅನ್ನಿ.

ನಮ್ಮ ವಿಭಾಗದಲ್ಲಿ ಮೀಸೆ ಮೇಷ್ಟ್ರು ಅಂತ ಒಬ್ಬರಿದ್ದರು. ಮಾಟದ ಮೇಲೆ ಇಷ್ಟು ದಪ್ಪ ಪುಸ್ತಕ ಬರೆದವರು. ಎಲ್ಲೋ ಕ್ಷೇತ್ರಕಾರ್ಯಕ್ಕೆ ಹೋದಾಗ ಒಬ್ಬ ಮಂತ್ರವಾದಿ ಅವರ ತೋಳಿಗೆ ಗಂಟು ಹಾಕಿದ ದಾರ ಕಟ್ಟಿದ. ವಾಪಸ್ ಬಂದಮೇಲೂ ಬಿಚ್ಚಲಿಲ್ಲ. ಯಾಕೆ ಸಾರ್ ಅಂದ್ರೆ, 'ಇದು ಮಾದರಿ, ಅಧ್ಯಯನಕ್ಕೆ' ಅಂದರು. ಮಾದರಿ ಆದ್ರೆ ಗಾಜಿನ ಡಬ್ಬೀಲಿ ಹಾಕಿಡಿ ಅಂದೆ. 'ದೇಹದ ಶಾಖದಲ್ಲಿದ್ರೇನೇ ನೂಲು ಬಾಳಿಕೆ ಬರೋದು' ಅಂತ ಗಂಭೀರವಾಗಿ ಹೇಳಿದರು! ಸ್ನಾನಕ್ಕೆ ಹೋಗೋವಾಗ ತೋಳಿಗೆ ಪ್ಲಾಸ್ಟಿಕ್ ಸುತ್ಕೋತಿದ್ದರಂತೆ, ಅವರ ಹೆಂಡತಿ ಹೇಳಿದ್ದು. ನಿವೃತ್ತಿ ಆದ ದಿನ ಅದು ತಾನಾಗೇ ಕಿತ್ತು ಬಿತ್ತು. ಸಭೆ ಮಧ್ಯದಲ್ಲಿ ಮೇಜಿನ ಕೆಳಗೆ ನುಗ್ಗಿ ಹುಡುಕಿದರು ಅಕ್ಕಾ, ಕೊರಳಲ್ಲಿ ಹೂವಿನ ಹಾರದ ಸಮೇತ!

ನಾವು ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕಿದ್ವಿ. ನಾನೂ ನಮ್ಮನೆಯವರೂ. ಇವರಂತೂ ಎಷ್ಟೋ ದಿನ, ಊಟಕ್ಕೆ ಕೂತಾಗೆಲ್ಲ ಮೇಜಿನ ಕೆಳಗೆ ಇಣುಕಿ 'ನೂಲು, ನೂಲು' ಅಂತ...

ಹಾಂ?

ಇವರಾ? ಇದಾರೆ, ಇದಾರೆ. ಚೆನ್ನಾಗಿದಾರೆ. ಮನೇಲೇ ಇರ್ತಾರೆ, ಎಲ್ಲಿಗೆ ಹೋಗ್ತಾರೆ ಈ ವಯಸ್ಸಲ್ಲಿ. ನೆನಪಿದ್ದಾರಲ್ಲ ನಿಮಗೆ, ಗಣಿತದ ಮೇಷ್ಟ್ರು? ಉದ್ದಕ್ಕೆ, ಬಾಗಿಲ ಚೌಕಟ್ಟಿಗೆ ಹಣೆ ಹೊಡೆಸ್ಕೋತಾ ಬರ್ತಿದ್ದೋರು? ಇದೇ ಚೌಕಟ್ಟು! ಪ್ರತಿ ಸಲ ಹೊಡೆಸ್ಕೋತಿದ್ರು, ಪ್ರತಿ ಸಲ ಅದಕ್ಕೇ 'ಕ್ಷಮಿಸಿ' ಅಂತಿದ್ರು.

ನೀವು ಹೇಳಿದ ಹಿಮ್ಮುಖದ ಪ್ರದಕ್ಷಿಣೆ ನೆನಪಿದೆಯಾ? ಅಯ್ಯೋ, ಅದನ್ನ ಹೇಗೆ ಮರೀತೀರಿ. ಮನೆಗೆ ಕೆಟ್ಟದ್ದು ಹೊಕ್ಕಿದ್ರೆ, ಬಾಯಲ್ಲಿ ಉಪ್ಪುನೀರು ತುಂಬ್ಕೊಂಡು, ನುಂಗದೆ, ಉಗುಳದೆ, ನಗದೆ, ಮನೆ ಸುತ್ತ ಹಿಂದಕ್ಕೆ ನಡೀಬೇಕು ಅಂದಿದ್ರಿ. ನಮ್ಮ ಶಾಸ್ತ್ರದಲ್ಲಿ ಬರೀ ಕೇಳಿ ಬರೆದ್ರೆ ಸಾಲದು, ಜನರ ಜೊತೆ ಸೇರಿ ತಾನೂ ಮಾಡಿ ನೋಡಬೇಕು. ಅದಕ್ಕೆ ನಾನೂ ಮಾಡೋಕೆ ಹೊರಟೆ. ಹಾಡಹಗಲು. ಇವರು 'ನಾನೂ ಬರ್ತೀನಿ, ನೀನೊಬ್ಬಳೇ ಮಾಡಿದ್ರೆ ಹುಚ್ಚು ಅಂತಾರೆ, ಇಬ್ಬರು ಮಾಡಿದ್ರೆ ವಿಜ್ಞಾನ ಅಂತಾರೆ' ಅಂತ ಬಾಯ್ತುಂಬ ನೀರು ತುಂಬ್ಕೊಂಡ್ರು. ಗಣಿತದ ಮೇಷ್ಟ್ರಲ್ವಾ, ಹಿಂದಕ್ಕೆ ನಡೆದ್ರೆ ಎಡ ಬಲ ಆಗುತ್ತೆ ಅಂತ ತಲೇಲೇ ಲೆಕ್ಕ ಹಾಕಿ, ತಪ್ಪು ಕಡೆ ತಿರುಗಿ, ಸೀದಾ ಹೋಗಿ ಪೋಸ್ಟ್‌ಮ್ಯಾನ್ ಎದೆಗೆ ಬೆನ್ನು ಕೊಟ್ರು! ಅವನು 'ಸಾರ್, ರಿಜಿಸ್ಟರ್ಡ್ ಪೋಸ್ಟ್' ಅಂದ. ಇವರು ತಿರುಗಿ ಉತ್ತರ ಕೊಡೋಕೆ ಬಾಯಿ ತೆಗೆದ್ರು ಅಕ್ಕಾ... ಪೂರ್ತಿ ಉಪ್ಪುನೀರು ಅವನ ಕಾಗದದ ಕಟ್ಟಿನ ಮೇಲೆ!

ನಗಿ, ನಗಿ. ಆವತ್ತೂ ಹೀಗೇ ಕೆಮ್ಮು ಬರೋವರೆಗೆ ನಕ್ಕಿದ್ರಿ.

ಅಷ್ಟರಲ್ಲಿ ಹಿಂದೆ ಬಾಗಿಲು ದಬ್ ಅಂತ ಮುಚ್ಕೊಂತು. ಕೀ ಒಳಗೆ. ಇವರ ಕೀ ಯಾವತ್ತೂ ಒಳಗೇ. ಸ್ಕೂಲಿಗೆ ಹೋಗೋವಾಗ ಮರೀತಿದ್ರು, ತರಕಾರಿಗೆ ಹೋಗೋವಾಗ ಮರೀತಿದ್ರು, ಕೀ ಮಾಡಿಸ್ಕೊಂಡು ಬರ್ತೀನಿ ಅಂತ ಹೋಗಿ ಆ ಹೊಸ ಕೀನ ಅಂಗಡೀಲೇ ಬಿಟ್ಟು ಬಂದ್ರು. ಬಂದು ಬೆಲ್ ಮಾಡೋರು. ಆ ಬೆಲ್ ಮಾಡೋ ರೀತಿ ಕೂಡ... ಮೊದಲು ಒಂದು ಉದ್ದ. ಆಮೇಲೆ, ಅಯ್ಯೋ ಇವಳು ಬರೀತಾ ಕೂತಿರ್ತಾಳೇನೋ, ತೊಂದರೆ ಕೊಟ್ಟೆನೇನೋ ಅಂತ, ಕ್ಷಮಿಸಿ ಅನ್ನೋ ಹಾಗೆ, ಒಂದು ಗಿಡ್ಡ. ಅಷ್ಟೇ. ಮತ್ತೆ ಒತ್ತುತ್ತಿರಲಿಲ್ಲ. ನಾನು ಏಳದೇ ಇದ್ರೆ ಮೆಟ್ಟಿಲ ಮೇಲೆ ಕೂತು ಹುಡುಗರ ಪೇಪರ್ ತಿದ್ದೋರು.

ಹೋಗಲಿ. ನಾನು ಬಂದ ವಿಷಯ ಅದಲ್ಲ.

ನಾನು ಈಗ ಒಂದು ಲೇಖನ ಬರೀತಿದೀನಿ. ಕೊನೇ ಲೇಖನ ಅನ್ಕೊಳ್ಳಿ. ಅದರಲ್ಲಿ ಒಬ್ಬಳು ಮುದುಕಿ ಬರ್ತಾಳೆ. ನನಗೆ ಮಾಹಿತಿ ಕೊಟ್ಟೋಳು. ಹೆಸರು ಹೇಳೋ ಹಾಗಿಲ್ಲ, ನಮ್ಮಲ್ಲಿ ಗುಟ್ಟು ಕಾಪಾಡಬೇಕು. ಊರು ಬೇರೆ. ತುಂಬಾ ದೂರ. ಅವಳಿಗೂ... ಹೂಂ, ಅವಳಿಗೂ ಮಂಡಿನೋವು. ಯಾಕೆ, ಲೋಕದಲ್ಲಿ ನನಗೊಬ್ಬಳಿಗೇ ಮಂಡಿ ಇರೋದಾ?

ಆ ಮುದುಕಿಯ ಗಂಡ ತೀರಿಹೋದ. ಹೋದ ಬೇಸಗೇಲಿ. ಅವಳು ಓದಿದೋಳು, ಅಳಲಿಲ್ಲ ಅಂತಲ್ಲ, ಅತ್ತಳು, ಆದರೆ ಕ್ರಮವಾಗಿ ಅತ್ತು ಮುಗಿಸಿದಳು. ಆಮೇಲೆ ಒಂದು ದಿನ ಮಧ್ಯಾಹ್ನ ಟೀ ಸೋಸ್ತಾ ಇದಾಳೆ, ಮನೆ ಬೆಲ್ ಹೊಡೀತು. ಹೋಗಿ ಬಾಗಿಲು ತೆಗೆದ್ರೆ ಯಾರೂ ಇಲ್ಲ.

ಸುಮ್ಮನಿರಿ, ಹಾಗೆ ಹುಬ್ಬು ಏರಿಸಬೇಡಿ. ತಂತಿ ಸಡಿಲ ಆಗಿತ್ತು. ಅವಳಿಗೇ ಗೊತ್ತು. ಸ್ಟೂಲ್ ಹತ್ತಿ ಮುಚ್ಚಳ ಬಿಚ್ಚಿ ನೋಡಿದಾಳೆ, ಗೋಡೆ ತೇವ, ತಂತಿ ತುಕ್ಕು. ಅದರಲ್ಲಿ ಎಳ್ಳಷ್ಟೂ ಅನುಮಾನ ಇಲ್ಲ. ಆದರೆ ಅಕ್ಕಾ, ನಾವು ತರಗತೀಲಿ ಒಂದು ಉದಾಹರಣೆ ಕೊಡ್ತೀವಿ. ಗೋಡೆಗೆ ಬಣ್ಣ ಹೊಡೆಯೋನು ಏಣಿಯಿಂದ ಬಿದ್ದ ಅನ್ಕೊಳ್ಳಿ. ಮೆಟ್ಟಿಲು ಗೆದ್ದಲು ತಿಂದಿತ್ತು. ಬಿದ್ದವನಿಗೇ ಗೊತ್ತು, ಗೆದ್ದಲು ಅಂತ. ಅವನೇನು ದಡ್ಡನಾ? ಆದ್ರೂ ಅವನು ಕೇಳ್ತಾನೆ. ಬೆಳಿಗ್ಗೆಯಿಂದ ಮೇಸ್ತ್ರಿ ಹತ್ತಿ ಇಳಿದ, ಡುಮ್ಮ. ಅವನ ಕಾಲಡಿ ಮುರೀಲಿಲ್ಲ. ನನ್ನ ಕಾಲಡೀಲೇ ಯಾಕೆ ಮುರೀತು? ಇವತ್ತೇ ಯಾಕೆ? ಗೆದ್ದಲು 'ಹೇಗೆ' ಅನ್ನೋದಕ್ಕೆ ಉತ್ತರ ಕೊಡುತ್ತೆ, 'ನಾನೇ ಯಾಕೆ' ಅನ್ನೋದಕ್ಕೆ ಕೊಡಲ್ಲ. ಆ ಜಾಗಕ್ಕೆ ದೆವ್ವ ಬಂದು ಕೂತ್ಕೊಳ್ಳುತ್ತೆ. ಎಷ್ಟು ಸೊಗಸಾಗಿದೆ ನೋಡಿ! ಹುಡುಗರು ಬರ್ಕೋತಿದ್ರು, ಗೆರೆ ಎಳೀತಿದ್ರು ಕೆಳಗೆ.

ಅದೇ ಥರ ಈ ಮುದುಕಿ. ತಂತಿ ಸಡಿಲ, ಸರಿ. ಆದರೆ ಯಾವಾಗಲೂ ಟೀ ಹೊತ್ತಿಗೇ ಯಾಕೆ? ಯಾವಾಗಲೂ ಒಂದು ಉದ್ದ, ಒಂದು ಗಿಡ್ಡ ಯಾಕೆ?

...ಹೌದು, ಅವಳ ಗಂಡಾನೂ ಹಾಗೇ ಬೆಲ್ ಮಾಡ್ತಿದ್ದ. ಎಷ್ಟೋ ಗಂಡಂದಿರು ಮಾಡ್ತಾರೆ ಹಾಗೆ. ಅದೇನು ಇವರೊಬ್ಬರದೇ ಗುತ್ತಿಗೇನಾ? ಕಾಕತಾಳೀಯ ಅಂತಾರೆ ಅದಕ್ಕೆ. ನೀವು ಬಟಾಣಿ ಕಡೆ ನೋಡಿ.

ಚೀಲದ ಕಡೆ ಯಾಕೆ ನೋಡ್ತೀರಿ? ಏನಿಲ್ಲ ಅದರಲ್ಲಿ, ಪುಸ್ತಕ. ದಪ್ಪ ಪುಸ್ತಕ. ಹೊರಗೆ ಇಣುಕ್ತಿರೋ ಕೆಂಪುದಾ... ಅದು, ಓದಿದ ಪುಟಕ್ಕೆ ಗುರುತು ಇಟ್ಟಿದೀನಿ. ದಾರ. ಗಟ್ಟಿ ದಾರ. ಪ್ಲಾಸ್ಟಿಕ್ ಹೊದಿಕೆ ಇರೋ ದಾರ.

ಎಲ್ಲಿದ್ದೆ? ಹಾಂ, ಆ ಮುದುಕಿ. ಅವಳೇನು ನಂಬಿದೋಳಲ್ಲ. ಅವಳು ಮಾಡಿದ್ದು ಶುದ್ಧ ಶಾಸ್ತ್ರೀಯ ಕ್ರಮ, ಭಾಗವಹಿಸಿ ನೋಡೋದು. ಬೆಲ್ ಆದಾಗ ನಂಬೋರು ಏನು ಮಾಡ್ತಾರೋ ಅದನ್ನೇ ತಾನೂ ಮಾಡಿ ನೋಡಿದಳು. ಎದ್ದು ಹೋಗೋಳು, ಬಾಗಿಲು ತೆಗೆಯೋಳು, 'ಮತ್ತೆ ಮರೆತ್ರಾ ಕೀನ?' ಅನ್ನೋಳು. ಸ್ವಲ್ಪ ಪಕ್ಕಕ್ಕೆ ಸರಿಯೋಳು... ಜಾಗ ಬಿಡಬೇಕಲ್ಲ, ಉದ್ದದ ಮನುಷ್ಯ. 'ತಲೆ, ತಲೆ' ಅನ್ನೋಳು, ಚೌಕಟ್ಟು ಇದೆಯಲ್ಲ. ಆಮೇಲೆ ಬಾಗಿಲು ಹಾಕಿ, ಎರಡು ಲೋಟಕ್ಕೆ ಟೀ ಸೋಸೋಳು. ಅಧ್ಯಯನಕ್ಕೆ. ಒಂದು ಲೋಟ ಆರಿಹೋಗೋದು, ಅದನ್ನೂ ಅವಳೇ ಕುಡಿಯೋಳು. ಎರಡೆರಡು ಟೀ ಕುಡಿದು ನಿದ್ದೆ ಕೆಟ್ಟುಹೋಯ್ತು, ಆದರೆ ಸಂಶೋಧನೆ ಅಂದ್ಮೇಲೆ ಕಷ್ಟ ಇದ್ದಿದ್ದೇ.

ಅವಳ ಎದುರುಮನೇಲಿ ಒಬ್ಬ ಹಲ್ಲಿನ ಡಾಕ್ಟರು. ಬಾಗಿಲಿನ ಕಣ್ಣಲ್ಲಿ ಕಣ್ಣಿಟ್ಟು ನೋಡೋದೇ ಕೆಲಸ ಅವನಿಗೆ. ಒಂದು ದಿನ ಹೊರಗೆ ಬಂದು, 'ಯಾರು ಬಂದಿದ್ರು ಮೇಡಂ?' ಅಂದ. 'ಯಾರೂ ಇಲ್ಲ' ಅಂದಳು. 'ಮತ್ತೆ ತಲೆ ತಲೆ ಅಂದ್ರಲ್ಲ?' ಅಂದ. ಅವಳಿಗೆ ಏನೂ ತೋಚದೆ, 'ನಿಮಗೇ ಹೇಳಿದ್ದು, ತಲೆ ಬಾಚ್ಕೊಳ್ಳಿ' ಅಂದಳು! ಮುಖ ಊದಿಸ್ಕೊಂಡು ಹೋದವನು ಮಗನಿಗೆ ಫೋನ್ ಮಾಡಿಬಿಟ್ಟ. ಅವಳ ಮಗನಿಗೆ. ಭಾನುವಾರ ಮಗ ಸೊಸೆ ಬಂದ್ರು, ಕೈಯಲ್ಲಿ ಹೊಸ ಬೆಲ್ಲಿನ ಡಬ್ಬ. 'ಅಮ್ಮಾ, ಆ ಹಳೇ ಬೆಲ್ ನಿನಗೆ ತುಂಬ ತೊಂದ್ರೆ ಕೊಡ್ತಿದೆಯಂತೆ' ಅಂತ. ಒಳ್ಳೇ ಮಗ. ಸೊಸೇನೂ ಒಳ್ಳೆಯವಳೇ, ಬಂದವಳೇ ಫ್ರಿಜ್ ಒರೆಸ್ತಾಳೆ, ಅದೊಂದು ಬಿಟ್ರೆ. ತೊಂದ್ರೆ ಕೊಡ್ತಿಲ್ಲಪ್ಪಾ ಅಂತ ಹೇಗೆ ಹೇಳೋದು? ಹೇಳಿದ್ರೆ ಮುಂದಿನ ಪ್ರಶ್ನೆ ಬರುತ್ತಲ್ಲ.

ಎಲೆಕ್ಟ್ರಿಷಿಯನ್ ಬಂದ. ಸಣ್ಣಗೆ, ಸಿಳ್ಳೆ ಹಾಕ್ಕೊಂಡು. ಏಣಿ ಹತ್ತಿ, 'ಯಾವಾಗ ಹೊಡ್ಕೊಳ್ಳುತ್ತಮ್ಮಾ ಇದು?' ಅಂದ. ಅವಳು ಹೇಳಿದಳು, ಟೀ ಹೊತ್ತಿಗೆ, ಒಂದು ಉದ್ದ, ಒಂದು ಗಿಡ್ಡ. ಅವನ ಸಿಳ್ಳೆ ನಿಂತುಹೋಯ್ತು. ಗೋಡೆ ಮೇಲೆ ಹೊಸದಾಗಿ ಕಟ್ಟು ಹಾಕಿಸಿದ ಗಂಡನ ಫೋಟೋ ಇತ್ತಲ್ಲ, ಅದನ್ನ ನೋಡಿದ. ಸ್ಕ್ರೂಡ್ರೈವರ್ ವಾಪಸ್ ಜೇಬಿಗೆ ಹಾಕ್ಕೊಂಡ. ಏಣಿ ಇಳಿದ. 'ಇದನ್ನ ನಾನು ಮುಟ್ಟಲ್ಲಮ್ಮಾ. ಯಜಮಾನ್ರು ಬರೋ ದಾರಿ ಇದು. ನಾನು ತಂತಿ ಕಿತ್ತರೆ ಅವರು ಯಾವ ಕಡೆಯಿಂದ ಬರಬೇಕು?' ಅಂದ.

ನೋಡಿ ಅಕ್ಕಾ. ಅಷ್ಟು ಚೆನ್ನಾಗಿ ಹೇಳಿದ. ಎಷ್ಟು ಪುಸ್ತಕ ಓದಿದ್ರೂ ಅಂಥ ಒಂದು ವಾಕ್ಯ ಸಿಗಲ್ಲ. ಅವಳು 'ಹೂಂ' ಅಂದಿದ್ರೆ ಸಾಕಿತ್ತು. 'ಹೂಂ, ಆಮೇಲೆ?' ಅಂದಿದ್ರೆ ಸಾಕಿತ್ತು! ಜೀವಮಾನವಿಡೀ ಅದನ್ನೇ ಅಂದಿದ್ದೋಳು. ಆದರೆ ಮಗ ನೋಡ್ತಿದ್ದ. ಸೊಸೆ ಕೈಯಲ್ಲಿ ಒರೆಸೋ ಬಟ್ಟೆ ಹಿಡ್ಕೊಂಡು ನೋಡ್ತಿದ್ದಳು. ಆ ಹಲ್ಲಿನ ಡಾಕ್ಟರು ಬೇರೆ, ತಲೆ ಬಾಚ್ಕೊಂಡು ಬಂದು ನಿಂತಿದ್ದ. ಮುದುಕಿ ತಲೆ ನೆಟ್ಟಗಿದೆಯೋ ಇಲ್ವೋ ಅಂತ ಕಾಯ್ತಾ ಇದ್ದ ಮುಖಗಳು. ಅವಳಿಗೆ ಎಲ್ಲಿಂದ ಬಂತೋ ರೋಷ, ಶುರು ಮಾಡಿದಳು. 'ಏನಪ್ಪಾ, ಕರೆಂಟಿನ ಕೆಲಸ ಮಾಡೋನು ನೀನು, ದೆವ್ವ ಅಂತೀಯಲ್ಲ!' ಗುಡುಗು ಮಿಂಚಿನಿಂದ ಹಿಡಿದು, ಏಣಿ, ಗೆದ್ದಲು, ಎಲ್ಲ ಹೇಳಿದಳು. ಪೂರ್ತಿ ಪಾಠ! ನಾನು ಮೊದಲ ವರ್ಷದವರಿಗೆ ಮಾಡ್ತಿದ್ದ ಪಾಠ! 'ಸತ್ತವರು ಸತ್ತರು, ಅಷ್ಟೇ. ಬೆಲ್ ಒತ್ತೋಕೆ ಬೆರಳು ಬೇಕು, ಬೆರಳು ಇರೋದು ಬದುಕಿರೋರಿಗೆ' ಅಂದಳು.

ಅವನು ಕೇಳಿದ ಪಾಪ. ಮುಖ ಪೆಚ್ಚಾಯ್ತು. 'ನೀವು ಓದಿದೋರು ಹೇಳ್ತಿದೀರಿ ಅಂದ್ಮೇಲೆ ಸರಿನೇ ಇರಬೇಕು' ಅಂತ ಮತ್ತೆ ಏಣಿ ಹತ್ತಿದ.

ಗೆದ್ದುಬಿಟ್ಟೆ ಅಕ್ಕಾ! ಜೀವನದಲ್ಲಿ ಒಂದೇ ಒಂದು ಸಲ ವಾದ ಮಾಡಿದ್ದು, ಅದರಲ್ಲಿ...

ಗೆದ್ದುಬಿಟ್ಟಳು. ಗೆದ್ದುಬಿಟ್ಟಳು ಅಂದೆ. ಆ ಮುದುಕಿ.

ಯಾಕೆ ಬಟಾಣಿ ಸುಲಿಯೋದು ನಿಲ್ಲಿಸಿದ್ರಿ? ಸುಲೀರಿ.

ಹೊಸ ಬೆಲ್ಲು ಏನು ಮಾಡುತ್ತೆ ಗೊತ್ತಾ? ಹಕ್ಕಿ ಥರ ಕೂಗುತ್ತೆ. ಚಿಲಿಪಿಲಿ ಚಿಲಿಪಿಲಿ, ಒಂದು ಇಡೀ ತೋಟದಷ್ಟು. ಅದಕ್ಕೆ ಉದ್ದ ಇಲ್ಲ, ಗಿಡ್ಡ ಇಲ್ಲ. ಮುಟ್ಟಿದ್ರೂ ಅದೇ ಹಾಡು, ಗುದ್ದಿದ್ರೂ ಅದೇ ಹಾಡು. ಪೂರ್ತಿ ಹಾಡೋವರೆಗೂ ನಿಲ್ಲಲ್ಲ. ಹಾಲಿನವನು ಬಂದ್ರೂ ಹಕ್ಕಿ, ಪೇಪರಿನವನು ಬಂದ್ರೂ ಹಕ್ಕಿ. ಈಗ ಅವಳ ಗಂಡ ಬಂದು ಒತ್ತಿದಾನೆ ಅಂತಾನೇ ಇಟ್ಕೊಳ್ಳಿ. ವಾದಕ್ಕೆ. ಚಿಲಿಪಿಲಿ ಅಂದ್ರೆ ಅವಳಿಗೆ ಹೇಗೆ ಗೊತ್ತಾಗಬೇಕು ಯಾರು ಅಂತ? ಮನುಷ್ಯ ಕ್ಷಮಿಸಿ ಅನ್ನೋದು ಹೇಗೆ ಆ ಹಕ್ಕೀಲಿ?

ಅದಕ್ಕೇ ಈ ಪ್ರಶ್ನೆ. ಲೇಖನಕ್ಕೆ ಬೇಕು, ಅಷ್ಟೇ. ನಿಮ್ಮ ಹತ್ರ ಬರೋರೆಲ್ಲ ಓಡಿಸೋಕೆ ಬರ್ತಾರೆ. ಆ ಗಿಳಿಯಿಂದ ಅತ್ತೆ ಹೋಗಬೇಕು, ಈ ಬೋಡನ ಚಪ್ಪಲಿಯಿಂದ ಇನ್ನೇನೋ ಹೋಗಬೇಕು. ಓಡಿಸಿದ್ದನ್ನ ವಾಪಸ್ ಕರೆಯೋ ಕ್ರಮ ಇದೆಯಾ? ಇಷ್ಟು ವರ್ಷದಲ್ಲಿ ಯಾರಾದರೂ ಹಾಗೆ ಕೇಳ್ಕೊಂಡು ಬಂದಿದಾರಾ? ಹಿಮ್ಮುಖ ನಡೆದು ಕಳಿಸ್ತೀರಲ್ಲ, ಮುಮ್ಮುಖ ನಡೆದ್ರೆ ಬರ್ತಾರಾ? ಉಪ್ಪುನೀರಿನ ಬದಲು ಸಕ್ಕರೆ ನೀರಾ? ಸುಮ್ಮನೆ ಕೇಳ್ದೆ. ತಾತ್ವಿಕವಾಗಿ.

...

ಏನಾದ್ರೂ ಹೇಳಿ.

ಹೊರಗೆ ಗಿಳಿ ಬಯ್ತಾ ಇದೆ, ಕೇಳ್ತಾ? ಆ ಹೆಂಗಸಿಗೆ ತಡ ಆಗ್ತಿದೆ. ಹೇಳಿಬಿಡಿ, ಹೋಗ್ತೀನಿ.

ಯಾಕೆ ಹಾಗೆ ಸುಮ್ಮನೆ ಕೂತಿದೀರಿ? 'ಆಮೇಲೆ?' ಅಂತಾದ್ರೂ ಕೇಳಿ!

ಓ... ಗೊತ್ತಾಯ್ತು. ಗೊತ್ತಾಯ್ತು ನನಗೆ! ಆ ಮೌನ ನನ್ನದು ಅಕ್ಕಾ! ಅದನ್ನ ನಾನು ಮೂಲೇಲಿ ಕೂತು ಮಾಡ್ತಿದ್ದೆ. ಪ್ರಶ್ನೆ ಎಲ್ಲ ಮುಗಿದ ಮೇಲೆ ಬಾಯಿ ಮುಚ್ಚಿ, ಕಣ್ಣು ಮೆತ್ತಗೆ ಮಾಡ್ಕೊಂಡು ಕೂತ್ಕೋಬೇಕು, ಎದುರಿಗಿರೋರಿಗೆ ಅದನ್ನ ತಡೆಯೋಕಾಗದೆ ತಾವೇ ಬಾಯಿ ಬಿಡ್ತಾರೆ ಅಂತ, ನಾನು ಪುಸ್ತಕದಲ್ಲೇ ಬರೆದಿದೀನಿ. ನನ್ನ ಮೇಲೇನೇ ತಿರುಗಿಸ್ತೀರಾ? ನನ್ನ ಹತ್ರ ನಡೆಯಲ್ಲ ಅದು. ನಾನು ಎಷ್ಟು ಹೊತ್ತು ಬೇಕಾದ್ರೂ ಸುಮ್ಮನೆ ಕೂತಿರಬಲ್ಲೆ.

...

...ಫೋಟೋಗೆ ಕಟ್ಟು ಹಾಕ್ಸೋಕೆ ಕೊಟ್ಟಾಗ ಅಂಗಡಿಯವನು ಕೇಳಿದ, ಯಾವ ಬಣ್ಣದ ಕಟ್ಟು ಅಂತ. ನನಗೆ ಗೊತ್ತಾಗಲಿಲ್ಲ. ಇವರನ್ನೇ ಕೇಳಿ ಹೇಳ್ತೀನಿ ಅಂದುಬಿಟ್ಟೆ.

ಸುಳ್ಳು ಹೇಳಿದೆ ಅಕ್ಕಾ, ಮನೇಲಿದಾರೆ ಅಂತ. ಬರೀ ಸುಳ್ಳೂ ಅಲ್ಲ. ಹೋದ ತಿಂಗಳವರೆಗೂ ದಿನಾ ಬರ್ತಿದ್ರು.

ತಂತಿ ಅಂತ ನನಗೆ ಗೊತ್ತು. ನನಗೆ ಗೊತ್ತಿಲ್ಲ ಅನ್ಕೋಬೇಡ. ಆದರೆ ನೀನೂ ನೋಡಿದ್ದೀಯಲ್ಲ ಅವರನ್ನ. ತಾವು ಬಂದಿದ್ದಕ್ಕೆ ಚೌಕಟ್ಟಿಗೇ ಕ್ಷಮೆ ಕೇಳೋ ಮನುಷ್ಯ, 'ಬೆರಳು ಇರೋದು ಬದುಕಿರೋರಿಗೆ' ಅಂತ ಹೆಂಡತಿ ಎಲ್ಲರ ಎದುರಿಗೆ ಅಂದಮೇಲೆ ಮತ್ತೆ ಬಾಗಿಲಿಗೆ ಬರ್ತಾರಾ? ಈಗ ಟೀ ಹೊತ್ತಿಗೆ ಬಾಗಿಲು ತೆಗೆದೇ ಇಡ್ತೀನಿ. ಬೆಲ್ಲೇ ಬೇಡ, ಸೀದಾ ಒಳಗೆ ಬರಲಿ ಅಂತ. ಮೊನ್ನೆ ಬಂತು... ಹಲ್ಲಿನ ಡಾಕ್ಟರ ಬೆಕ್ಕು. ಅದಕ್ಕೂ 'ತಲೆ, ತಲೆ' ಅಂದೆ. ಅದು ನನ್ನ ಮುಖ ನೋಡಿ, ಬಗ್ಗಿ ಬಂತು!

ನಗು, ಪರವಾಗಿಲ್ಲ. ನಾನೂ ನಕ್ಕೆ. ನಕ್ಕು ಹಿಂದೆ ತಿರುಗಿದೆ, ಇವರಿಗೆ ಹೇಳೋಣ ಅಂತ.

ಪುಸ್ತಕ ಅಲ್ಲ ಇದು, ಆ ಹಳೇ ಬೆಲ್ಲು. ತಗೋ, ನೋಡು. ಎಲೆಕ್ಟ್ರಿಷಿಯನ್ ಹೋದಮೇಲೆ ಸೊಸೆ ಕಸದ ಬುಟ್ಟಿಗೆ ಹಾಕಿದ್ಳು. ಅವರು ಕಾರು ಹತ್ತಿದ ಮೇಲೆ ನಾನು ಕೆಳಗೆ ಹೋಗಿ ಹುಡುಕಿದೆ. ಹೌದು, ಮೇಜಿನ ಕೆಳಗೆ ನುಗ್ಗಿದ ಮೀಸೆ ಮೇಷ್ಟ್ರ ಹಾಗೇ. ತರಕಾರಿ ಸಿಪ್ಪೆ ಎಲ್ಲ ಒರೆಸಿದೀನಿ. ಈ ಕೆಂಪು ತಂತಿ ಸ್ವಲ್ಪ ಹರಿದಿದೆ, ಆ ಹುಡುಗನ್ನ ಕರೆದ್ರೆ ಹಾಕ್ತಾನೆ. ಅವನಿಗೆ ನಾನೇ ಹೇಳ್ತೀನಿ, ನಾನು ಹೇಳಿದ್ದು ತಪ್ಪು ಅಂತಲ್ಲ, ಆದರೆ ನೀನು ಹೇಳಿದ್ದೇ ಸರಿ ಅಂತ. ಬೆಲ್ಲಿನ ವಿಷಯ ನಾನು ನೋಡ್ಕೋತೀನಿ. ಆದರೆ ಇವರಿಗೆ ಹೇಳೋದು ಯಾರು? ವಾಪಸ್ ಹಾಕಿಸಿದಾಳ್ರೀ, ಬೇಜಾರು ಮಾಡ್ಕೋಬೇಡಿ, ಬನ್ನಿ ಅಂತ?

ಆ ಉದ್ದ, ಆ ಗಿಡ್ಡ ಆದಮೇಲೆ ಮತ್ತೆ ಒತ್ತೋರಲ್ಲ ಅಕ್ಕಾ ಅವರು. ಯಾರೂ ಬಾಗಿಲು ತೆಗೀಲಿಲ್ಲ ಅಂದ್ರೆ ಮೆಟ್ಟಿಲ ಮೇಲೆ ಕೂತ್ಕೊಳ್ಳೋರು. ನೀನು ಕಾಣ್ತೀಯಲ್ಲ ಇಂಥದ್ದೆಲ್ಲ, ನೋಡಿ ಹೇಳು. ಕೂತಿದಾರಾ? ಇನ್ನೂ ಅಲ್ಲೇ ಕೂತಿದಾರಾ?

ಹಾಕು. ಕೈ ಚಾಚಿದೀನಲ್ಲ, ಉಪ್ಪು ಹಾಕು.

ಅಕ್ಕಾ... ಇದನ್ನ ಬರ್ಕೋಬೇಡ.